ಮೂಲೆಯ ಹಾಸಿಗೆ

ಎಡಗಡೆಯ ಕಂಪ್ಯೂಟರ್ ಪರದೆಯಲ್ಲಿ ಹಳೆಯ ಪುಟ, ಬಲಗಡೆಯದರಲ್ಲಿ ಹೊಸದು, ಅದರ ಅಂಚಿನಲ್ಲೊಂದು ಚುಕ್ಕೆ. ಎರಡೂ ಪುಟಗಳ ಉತ್ತರ ಒಂದೇ ಆದರೆ ಚುಕ್ಕೆ ಹಸಿರು, ಬೇರೆಯಾದರೆ ಕೆಂಪು. ಆ ದಿನಗಳಲ್ಲಿ ನನ್ನ ಊಟ ನಿದ್ದೆಗಳೆಲ್ಲ ಆ ಚುಕ್ಕೆಯ ಮರ್ಜಿಯಲ್ಲಿದ್ದವು.

ನಮ್ಮೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಸರದಿ ಕೊಡುತ್ತಿದ್ದ ಜಾಲತಾಣವನ್ನು ಯಾರೋ ಪುಣ್ಯಾತ್ಮರು ಪರ್ಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಹೋಗಿದ್ದರು. ಅದನ್ನು ಸಲೀಸಾಗಿ ಓದಬಲ್ಲವರೇ ಉಳಿದಿರಲಿಲ್ಲ. ನಾನೂ ದೇವಯಾನಿಯೂ ಅದನ್ನು ಒಂದೊಂದೇ ಪುಟವಾಗಿ ಈಗ ಬಳಕೆಯಲ್ಲಿರುವ ಪೈಥಾನ್ ಭಾಷೆಗೆ ಸಾಗಿಸುತ್ತಿದ್ದೆವು. ಒಮ್ಮೆಗೇ ಕೆಡವಿ ಕಟ್ಟುವಂತಿರಲಿಲ್ಲ. ಆ ಕಡೆ ಯಂತ್ರಗಳ ಪಕ್ಕದಲ್ಲಿ ರೋಗಿಗಳು ಮಲಗಿರುತ್ತಿದ್ದರು. ನಾವೇ ಮಾಡಿಕೊಂಡ ಕಟ್ಟುಪಾಡೊಂದಿತ್ತು: ಚುಕ್ಕೆ ಕೆಂಪಾದರೆ, ವಾರ್ಡಿಗೆ ಫೋನು ಮಾಡಿ ಕೇಳದೆ ಹೊಸ ಪುಟವನ್ನು ಜನರ ಬಳಕೆಗೆ ತೆರೆಯಬಾರದು.

ಕೊನೆಗೆ ಉಳಿದದ್ದು ಹಾಸಿಗೆ ಹಂಚುವ ಪುಟ. ಅಂದು ಬೆಳಿಗ್ಗೆ ಹಳೆಯದನ್ನೂ ಹೊಸದನ್ನೂ ಜೊತೆಗೆ ಓಡಿಸಿದ ಕೂಡಲೇ ಚುಕ್ಕೆ ಕೆಂಪಾಯಿತು. ಹಳೆಯದರಲ್ಲಿ ಹಾಸಿಗೆಗಳೆಲ್ಲ ಭರ್ತಿ; ಹೊಸದರಲ್ಲಿ ಮೂಲೆಯದೊಂದು ಖಾಲಿ.

ಆಸ್ಪತ್ರೆಯಲ್ಲೇ ನಮಗೆ ಕೊಟ್ಟಿದ್ದ ಕೋಣೆಯ ಹೊರಗೆ, ವಾರ್ಡಿನ ದಾರಿಯ ಬೆಂಚಿನ ಮೇಲೆ ದೇವಯಾನಿಯ ತಂದೆ ಕೂತಿದ್ದರು. ಹಿಂದಿನ ದಿನ ಯಂತ್ರ ಕೆಟ್ಟು ಅವರ ಸರದಿ ತಪ್ಪಿತ್ತು. ಪಾದಗಳು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಇಂದಿನ ಸರದಿಯವರು ಯಾರಾದರೂ ಬಾರದೆ ಹೋದರೆ ಇಂದು, ಇಲ್ಲವಾದರೆ ನಾಳೆ.

"ಹಳೇದ್ರಲ್ಲೇ ತಪ್ಪಿದೆ," ಎಂದಳು ದೇವಯಾನಿ. "ಇಷ್ಟು ವರ್ಷ ಒಂದು ಹಾಸಿಗೆ ಸುಮ್ನೆ ಬಿದ್ದಿದೆ ನೋಡಿ. ಹೊಸ ಪುಟ ತೆರೆದುಬಿಡ್ತೀನಿ. ಕಾಯ್ತಿರೋರಲ್ಲಿ ಮೊದಲನೇ ಹೆಸರು ಅಪ್ಪಂದೇ."

ನನಗೂ ಹಾಗೇ ಅನ್ನಿಸಿತು. ಆ ಮುದುಕರ ಮುಖ ನೋಡಿದವನು ಬೇರೇನು ಹೇಳಲಿ? ಆದರೂ ಬಾಯಿಂದ ಬಂದದ್ದು, "ವಾರ್ಡಿಗೆ ಫೋನು?"

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಒಂದು ಕೈಯನ್ನು ಮೌಸಿನ ಮೇಲಿಟ್ಟುಕೊಂಡೇ ಫೋನೆತ್ತಿದಳು. ವಾರ್ಡಿನ ಸಿಸ್ಟರ್ ಬೆನೆಡಿಕ್ಟಾರ ದನಿ ನನಗೂ ಕೇಳಿಸಿತು.

"ಮೂಲೇದಾ? ಅದನ್ನ ಸರದೀಲಿ ಯಾರಿಗೂ ಕೊಡಲ್ಲಮ್ಮ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿ ಬರ್ತಾರಲ್ಲ, ಅವರಿಗೆ ಅದು. ಪುಟದಲ್ಲಿ ಕಂಡ್ರೆ ಎಲ್ಲರೂ ಕೇಳ್ತಾರೆ ಅಂತ, ಅದನ್ನ ಬರೆದವರೇ ಕಾಣದ ಹಾಗೆ ಮಾಡಿದ್ರು. ಯಾಕಮ್ಮ, ಅಪ್ಪ ನಾಳೆವರೆಗೆ ತಡೀತಾರೆ ತಾನೆ?"

"ತಡೀತಾರೆ ಅಂದಿದ್ದಾರೆ ಡಾಕ್ಟ್ರು," ಎಂದು ಫೋನಿಟ್ಟಳು.

ಮೌಸಿನ ಮೇಲಿನ ಕೈ ಹಾಗೇ ಇತ್ತು. ಒತ್ತಿದ್ದರೆ ಕೇಳುವವರಿರಲಿಲ್ಲ. ನನಗೆ ಭಯವಾಯಿತು, ಅವಳು ಒತ್ತಿಬಿಟ್ಟಾಳೆಂದೂ, ಒತ್ತದೆ ಹೋದಾಳೆಂದೂ.

ಕೊನೆಗೆ ಅವಳು ಕೈ ತೆಗೆದು ಕಣ್ಣೊರೆಸಿಕೊಂಡಳು. ಹೊಸ ಪುಟದಲ್ಲೂ ಆ ಹಾಸಿಗೆಯನ್ನು ಮರೆಮಾಡುವ ಸಾಲುಗಳನ್ನು ತಾನೇ ಬರೆಯತೊಡಗಿದಳು.

ಮಧ್ಯಾಹ್ನ ಸ್ಟ್ರೆಚರಿನ ಗಾಲಿಗಳ ಸದ್ದು ಕೇಳಿ ಹೊರಗೆ ಬಂದೆವು. ಮುಖ ಊದಿ ಉಸಿರಿಗೆ ಒದ್ದಾಡುತ್ತಿದ್ದ ಹುಡುಗಿಯೊಬ್ಬಳನ್ನು ಓಡುತ್ತ ತರುತ್ತಿದ್ದರು. ಸಿಸ್ಟರ್ ಬಾಗಿಲಲ್ಲಿ ನಿಂತು, "ಮೂಲೆಗೆ, ಮೂಲೆಗೆ," ಎನ್ನುತ್ತಿದ್ದರು. ದಾರಿ ಬಿಡಲೆಂದು ದೇವಯಾನಿಯ ತಂದೆ ತಮ್ಮ ಪಾದಗಳನ್ನು ಒಂದೊಂದಾಗಿ ಕೈಯಿಂದಲೇ ಎತ್ತಿ ಬೆಂಚಿನಡಿಗೆ ಸರಿಸಿಕೊಂಡರು.

"ಪಾಪ, ಯಾರ ಮನೆ ಮಗುವೋ," ಎಂದರು. "ಸದ್ಯ, ಅವಳಿಗೆ ಜಾಗ ಸಿಕ್ತಲ್ಲ."

ದೇವಯಾನಿ ಅವರ ಪಕ್ಕ ಕೂತು ಆ ಪಾದಗಳನ್ನು ಮಡಿಲಿಗೆ ಎತ್ತಿಕೊಂಡಳು. ಮರುದಿನ ಅವರ ಸರದಿ ಬರುವವರೆಗೂ ಅವಳು ಅವನ್ನು ಕೆಳಗಿಳಿಸಲಿಲ್ಲವೆಂದೇ ನನ್ನ ನೆನಪು. ನಾನು ಒಳಗೆ ಬಂದು ನೋಡಿದೆ. ಎರಡೂ ಪರದೆಗಳಲ್ಲಿ ಹಾಸಿಗೆಗಳೆಲ್ಲ ಭರ್ತಿಯಾಗಿದ್ದವು, ಚುಕ್ಕೆ ಹಸಿರಾಗಿತ್ತು.