ಸಿಪಾಯಿ ದಗಲೆ

ಶಿವಕಾಂತಾ ಆಳಂದದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಚಹಾ ಕುಡಿದರೆ, ಆಮೇಲೆ ಕಿಟಕಿಯ ಹತ್ತಿರ ಚಾಪೆ ಹಾಸಿಕೊಂಡು ಹಳೇ ಕಾಲದ ಉಡುಪು ಹೊಲಿಯುತ್ತ ಕೂರುವುದು ಅವಳ ಹವ್ಯಾಸ. ಬಹಮನಿಗಳು, ಆದಿಲಶಾಹಿಗಳು ಆಳುತ್ತಿದ್ದಾಗ ಈ ಕಡೆಯ ಜನ ಏನು ತೊಡುತ್ತಿದ್ದರೆಂದು ಪುಸ್ತಕದ ಚಿತ್ರಗಳಲ್ಲಿ ನೋಡಿ, ಪೇಪರಿನ ಮೇಲೆ ಅಳತೆ ಗೀಚಿ, ಕೈಯಿಂದಲೇ ಹೊಲಿಯುತ್ತಿದ್ದಳು. ಮನೆಯಲ್ಲಿದ್ದ ಮಷೀನನ್ನು ದಿಂಬಿನ ಚೀಲಕ್ಕಷ್ಟೇ ಮುಟ್ಟುತ್ತಿದ್ದಳು.

‘ಯಾರು ಹಾಕ್ಕೋತಾರ ಇದನ್ನ?’ ಎಂದು ಕೇಳಿದವರಿಗೆ ‘ನಾನೇ’ ಅನ್ನುತ್ತಿದ್ದಳು. ಹಾಕಿಕೊಳ್ಳುತ್ತಲೂ ಇದ್ದಳು. ಭಾನುವಾರ ಎದೆಯ ಪಕ್ಕಕ್ಕೆ ಲಾಡಿ ಕಟ್ಟುವ ಅಂಗರಖಾ ತೊಟ್ಟು ಅಂಗಳದಲ್ಲಿ ನಿಂತು ಅತ್ತೆಯ ಕೈಯಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಅತ್ತೆ ಗೌರಾಬಾಯಿ ತೆಗೆದ ಫೋಟೋದಲ್ಲಿ ತಲೆ ಇರುತ್ತಿರಲಿಲ್ಲ. ಬಟ್ಟೆ ಮಾತ್ರ ಪೂರ್ತಿ ಬರುತ್ತಿತ್ತು.

ಈ ಸಲ ಹೊಲಿದದ್ದು ಸಿಪಾಯಿ ದಗಲೆ. ಕತ್ತಿಯ ಏಟು ಮೈಗೆ ತಾಗದಿರಲೆಂದು ಸೈನಿಕರು ತೊಡುತ್ತಿದ್ದ, ಪದರದ ಮೇಲೆ ಪದರ ಸೇರಿಸಿ ಹೊಲಿದ, ಮೊಣಕಾಲು ಮುಟ್ಟುವ ದಪ್ಪ ಅಂಗಿ. ಗೌರಾಬಾಯಿಯ ತವರು ಕಿಣ್ಣಿ ಸುಲ್ತಾನ; ಹಳೇ ಬಟ್ಟೆ ಸೇರಿಸಿ ಕೌದಿ ಹೊಲಿಯುವುದರಲ್ಲಿ ಆಕೆ ಎತ್ತಿದ ಕೈ. ಪದರಗಳು ಜರುಗದಂತೆ ಒತ್ತೊತ್ತಾಗಿ ಸಾಲು ಹಾಕುವುದನ್ನು ಸೊಸೆಗೆ ಕಲಿಸಿದವಳು ಆಕೆಯೇ. ಒಳಪದರಕ್ಕೆ ತನ್ನ ಹಳೇ ಸೀರೆಗಳನ್ನೂ ಕೊಟ್ಟಿದ್ದಳು, ಮದುವೆಯ ಇಳಕಲ್ ಸೀರೆಯನ್ನೂ ಸೇರಿಸಿ.

‘ಪೆಟಗಿಯೊಳಗ ಹುಳ ತಿನ್ನೂದಕ್ಕಿಂತ ಸಿಪಾಯಿ ಮೈಮ್ಯಾಲ ಇರ್ಲಿ ಬಿಡು’ ಅಂದಿದ್ದಳು.

ಎರಡು ಚಳಿಗಾಲ ಹಿಡಿಯಿತು. ಕಡುಗೆಂಪು ದಗಲೆ ಮುಗಿದಾಗ ಎಷ್ಟು ಗಟ್ಟಿಯಿತ್ತೆಂದರೆ, ನೆಲದ ಮೇಲಿಟ್ಟರೆ ತಾನೇ ನಿಲ್ಲುತ್ತಿತ್ತು.

ಅದೇ ಮನೆಯಲ್ಲಿದ್ದ ಮೈದುನ ಕಲ್ಯಾಣಕುಮಾರನಿಗೆ ಪುಢಾರಿಯಾಗುವ ಹುಕಿ. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಬಿಟ್ಟು ಬೇರೆ ತೊಡುತ್ತಿರಲಿಲ್ಲ. ನೀರಿನ ಪೈಪಿಗಾಗಿ ಓಣಿ ಅಗೆದವರು ಮುಚ್ಚದೇ ಹೋಗಿದ್ದರು. ಕೇಳಲು ಹೋದ ಜನಕ್ಕೆ ಅಧಿಕಾರಿ ಮುಖ ಕೊಟ್ಟಿರಲಿಲ್ಲ. ‘ಇದು ಆಫೀಸಲ್ಲ, ಸುಲ್ತಾನನ ದರ್ಬಾರು’ ಎಂದು ಕಲ್ಯಾಣಕುಮಾರ ಧರಣಿ ಹೂಡಿದ.

ಆವತ್ತು ಶಿವಕಾಂತಾ ವಾರ್ಡಿನಲ್ಲಿದ್ದಳು. ಜೊತೆಯ ನರ್ಸು ಸುಮಂಗಲಾ ಮೊಬೈಲು ಹಿಡಿದುಕೊಂಡು ಬಂದಳು.

‘ನೋಡಿಲ್ಲಿ, ನಿಮ್ಮ ಮೈದುನ ಲೈವ್ ಬಂದಾನ.’

ಬಸ್ ಸ್ಟ್ಯಾಂಡಿನ ಮುಂದೆ ಜನ. ನಡುವೆ ಜೋಳದ ಕಣಿಕೆ ತುಂಬಿದ, ಸುಲ್ತಾನನ ವೇಷದ ಅಧಿಕಾರಿಯ ಗೊಂಬೆ. ಮಡಿಕೆಯ ತಲೆ, ಮಸಿಯ ಮೀಸೆ, ಮೈಮೇಲೆ ಕೆಂಪು ದಗಲೆ. ನನ್ನದರಂಥದ್ದೇ ಎಲ್ಲಿ ಸಿಕ್ಕಿತು ಇವರಿಗೆ ಎಂದುಕೊಂಡಳು ಶಿವಕಾಂತಾ. ಮರುಕ್ಷಣ ಕೊರಳ ಹತ್ತಿರದ ಹಸಿರು ದಾರದ ಸೊಟ್ಟ ಸಾಲು ಕಂಡಿತು. ಕೆಂಪು ದಾರವೆಂದು ತಿಳಿದು ಗೌರಾಬಾಯಿ ಹಾಕಿದ ಸಾಲು ಅದು. ಕೈಯಲ್ಲಿದ್ದ ಟ್ರೇ ಸುಮಂಗಲಾಳ ಕೈಗೆ ತುರುಕಿ ಓಡಿದಳು.

ಅವಳು ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿಯಾಗಿತ್ತು. ಜನರನ್ನು ನೂಕಿ ಒಳಗೆ ನುಗ್ಗಿ, ಉರಿಯುತ್ತಿದ್ದ ಗೊಂಬೆಯನ್ನು ಕೆಳಗೆ ಕೆಡವಿ, ದಗಲೆಯನ್ನು ಎರಡೂ ಕೈಯಿಂದ ಜಗ್ಗಿದಳು. ಬಲಗೈ ಸುಟ್ಟಿತು. ಬಿಡಲಿಲ್ಲ. ಪಕ್ಕದ ಚಹಾದಂಗಡಿಯವ ಒಂದು ಬಕೀಟು ನೀರು ಸುರಿದ. ಎಡಭಾಗ, ಒಂದು ತೋಳು, ಬೆನ್ನಿನ ಅರ್ಧ ಕರಕಲಾಗಿ ಹೋಗಿದ್ದವು.

‘ಸುಲ್ತಾನನ ಹೇಂತಿ ಬಂದ್ಲಲೇ!’ ಎಂದು ಯಾವನೋ ಕೂಗಿದ. ಜನ ಹೋ ಎಂದು ನಕ್ಕರು.

‘ಯಾಂವಲೇ ಅಂದಾಂವ? ಮುಂದ ಬಾ’ ಎಂದು ತಿರುಗಿದಳು. ಒಬ್ಬನೂ ಬರಲಿಲ್ಲ. ಕಲ್ಯಾಣಕುಮಾರ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ: ‘ವೈನಿ, ಕ್ಯಾಮೆರಾ ಚಾಲೂ ಅದ. ಮನಿಗೆ ಹೋಗ್ರಿ. ಬರೇ ಒಂದು ಬಟ್ಟಿ ಸಲುವಾಗಿ—’

‘ಯಾರು ಕೊಟ್ರು ನಿನಗ?’

‘ಅಣ್ಣ ಕೊಟ್ಟಾನ.’

ಗಂಡ ಶಾಂತಕುಮಾರ ಹೈಸ್ಕೂಲು ಮಾಸ್ತರ. ಅವಳು ಮನೆಗೆ ಬಂದಾಗ ಪೇಪರು ಓದುತ್ತಿದ್ದ. ಸುಟ್ಟ ದಗಲೆ, ಸುಟ್ಟ ಕೈ ನೋಡಿ ಎದ್ದು ನಿಂತ.

‘ಅವ ಕೇಳ್ದ, ಕೊಟ್ಟೆ. ಯಾರಿಗರೆ ತೊಡಿಸಿ ನಾಟಕ ಮಾಡಸ್ತಾನ ಅಂದ್ಕೊಂಡಿದ್ದೆ. ಸುಡ್ತಾನ ಅಂತ ನನಗೇನ್ ಗೊತ್ತು?’

‘ನನ್ನ ಕೇಳಬೇಕು ಅಂತ ಅನಸಲಿಲ್ಲೇನ್ರಿ?’

‘ನೀ ಡ್ಯೂಟಿ ಮ್ಯಾಲಿದ್ದಿ.’

‘ಜಳಕದ ಸಾಬಾಣ ಎಲ್ಲಿ ಅದ ಅಂತ ಕೇಳಾಕ ಡ್ಯೂಟಿ ಮ್ಯಾಲಿದ್ದಾಗ ಫೋನ್ ಮಾಡ್ತೀರಿ. ಇದಕ್ಕ ಫೋನ್ ಇರಲಿಲ್ಲೇನು?’

ಅವನು ದನಿ ತಗ್ಗಿಸಿದ. ‘ಆತು ಬಿಡು. ನಿನ್ನ ಕೈಯಾಗ ಕಲಾ ಅದ. ಇನ್ನೊಂದು ಹೊಲಕೊಂಡ್ರಾತು.’

ಅಷ್ಟು ಹೊತ್ತಿನ ಸಿಟ್ಟೆಲ್ಲ ಒಂದು ತೂಕ, ಈ ಮಾತಿನಿಂದ ಎದ್ದ ಸಿಟ್ಟೇ ಒಂದು ತೂಕ. ಇನ್ನೊಂದು ಹೊಲಿದುಕೊಳ್ಳುವುದಂತೆ! ಅನ್ನ ಹಳಸಿದರೆ ಇನ್ನೊಂದು ಸಲ ಮಾಡಿದ ಹಾಗೆ. ಬಾಯಿಗೆ ಬಂದದ್ದನ್ನು ಆಡಿದರೆ ಇವನಿಗೆ ಅದು ಜಗಳವಾಗಿ ಮುಗಿದುಹೋಗುತ್ತದೆ ಎನಿಸಿ ತುಟಿ ಬಿಗಿಹಿಡಿದಳು.

ಅಷ್ಟರಲ್ಲಿ ಕಲ್ಯಾಣಕುಮಾರ ಬಂದ. ಅವನೂ ಉರಿಯುತ್ತಿದ್ದ.

‘ನನ್ನ ಇಜ್ಜತ್ ತೆಗದ್ರಿ ವೈನಿ. ಇಡೀ ಆಳಂದ ನಗಾಕತ್ತದ. ಓಣಿ ಜನರ ಸಲುವಾಗಿ ನಾ ಹೋರಾಟ ಮಾಡಾಕತ್ತೇನಿ, ನಿಮಗ ಬಟ್ಟಿ ಚಿಂತಿ!’

ಗೌರಾಬಾಯಿ ದಗಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸುಟ್ಟ ಜಾಗದಲ್ಲಿ ಪದರಗಳು ಬಿಚ್ಚಿಕೊಂಡು ಒಳಗಿನ ಸೀರೆಯ ಅಂಚು ಕಾಣುತ್ತಿತ್ತು.

‘ಇದು ಯಾರ ಸೀರಿ ಗೊತ್ತದೇನಲೇ?’ ಎಂದಳು.

‘ಯಾವುದೋ ಹಳೇ ಸೀರಿ. ಬರೇ ಬಟ್ಟಿ ಅವ್ವಾ, ಬರೇ ಬಟ್ಟಿ!’

ಆಕೆ ಸುಟ್ಟ ಅಂಚನ್ನು ಬೆರಳಿನಿಂದ ಒಳಗೆ ಮಡಚಿದಳು.

ಮರುದಿನ ಶಿವಕಾಂತಾ ರಜೆ ಹಾಕಿದಳು. ಅಣ್ಣ ತಮ್ಮ ಹೊರಗೆ ಹೋದ ಮೇಲೆ ಕಪಾಟು ತೆರೆದು ಇಬ್ಬರ ಅಂಗಿಗಳನ್ನೂ ತಂದು ಹಿತ್ತಲಿನ ಅಂಗಳದಲ್ಲಿ ಹಾಕಿದಳು. ಸೂಜಿ, ಬ್ಲೇಡು ಹಿಡಿದು ಮೊದಲ ಅಂಗಿಯ ತೋಳಿನ ಹೊಲಿಗೆ ಬಿಚ್ಚತೊಡಗಿದಳು. ಬ್ಯಾಂಡೇಜು ಸುತ್ತಿದ ಕೈ ಬಾಗುತ್ತಿರಲಿಲ್ಲ. ಗೌರಾಬಾಯಿ ಬಂದು ನೋಡಿ, ಎದುರಿಗೆ ಕೂತು, ಇನ್ನೊಂದು ಅಂಗಿ ಎಳೆದುಕೊಂಡಳು.

‘ಕತ್ತರಿ ಹಚ್ಚಿದ್ರ ಜಲ್ದಿ ಆಗ್ತದಲ್ಲ?’

‘ಬ್ಯಾಡ್ರಿ ಅತ್ತಿ. ಹರದ್ರ ಹಾಳು ಮಾಡ್ಯಾರ ಅಂತಾರ. ಒಂದು ಎಳಿ ಸೈತ ಹರೀಬಾರದು.’

ಬಿಸಿಲು ಏರುವವರೆಗೂ ಬಿಚ್ಚಿದರು. ಇಬ್ಬರದೂ ಬೇರೆ ಬೇರೆಯಾಗಿ, ತೋಳುಗಳದ್ದೊಂದು ರಾಶಿ, ಕಾಲರುಗಳದ್ದೊಂದು, ಕಿಸೆಗಳದ್ದೊಂದು. ಗುಂಡಿಗಳನ್ನು ಬೋಗುಣಿಯಲ್ಲಿ ಹಾಕಿದರು. ಕಲ್ಯಾಣಕುಮಾರನಿಗೆ ಸಂಜೆ ಅಫಜಲಪುರದಲ್ಲಿ ಪಕ್ಷದ ದೊಡ್ಡವರ ಸಭೆ ಇತ್ತು. ಮಧ್ಯಾಹ್ನ ಮನೆಗೆ ಬಂದವನು, ಹಾಕಿಕೊಂಡು ಹೋಗಿದ್ದ ಅಂಗಿಯನ್ನು ಬೆವರಾಗಿದೆಯೆಂದು ಬಚ್ಚಲಲ್ಲಿ ನೆನೆಸಿ, ಸ್ನಾನ ಮಾಡಿ ಬಂದು ಕಪಾಟು ತೆರೆದ. ಖಾಲಿಯಿದ್ದುದನ್ನು ಕಂಡು ಹಿತ್ತಲಿಗೆ ಬಂದ.

‘ಏನಿದು?’

‘ಬಟ್ಟಿ’ ಎಂದಳು ಶಿವಕಾಂತಾ. ‘ಎಲ್ಲಾ ಅದ, ಒಂದು ಗುಂಡಿನೂ ಹೋಗಿಲ್ಲ. ಹೊಲಕೊಂಡು ಹಾಕ್ಕೊ.’

‘ತಲಿ ಕೆಟ್ಟದೇನ್ ನಿಮಗ?’ ಎಂದು ಅವನು ಒದರುತ್ತ ಮುಂದೆ ಬಂದ. ಗೌರಾಬಾಯಿ ಎದ್ದು ನಡುವೆ ನಿಂತಳು.

‘ಇನ್ನೊಂದು ಹೆಜ್ಜಿ ಇಟ್ಟು ನೋಡು. ಬಿಚ್ಚಿದಾಕಿ ನಾನು. ನನ್ನ ಮದಿವಿ ಸೀರಿ ಸುಟ್ಟಿ ಮಗನ, ನಿನಗ ಹೋರಾಟ ಬೇಕಾಗ್ಯದ.’

ಅವನು ಹಿಂದೆ ಸರಿದ. ತನ್ನ ಪಾಲಿನ ರಾಶಿಗಳನ್ನು ಚೀಲಕ್ಕೆ ತುಂಬಿಕೊಂಡು ಟೇಲರ್ ಶರಫುದ್ದೀನನ ಅಂಗಡಿಗೆ ಹೋದ. ಶರಫುದ್ದೀನ ಚೀಲ ಸುರುವಿ ತೋಳುಗಳನ್ನು ಹೊರಳಾಡಿಸಿ, ‘ಯಾವ ತೋಳು ಯಾವ ಅಂಗಿದು ಅಂತ ಹುಡಕೂದ್ರಾಗೇ ಹಬ್ಬ ಬರ್ತದ್ರಿ ಸಾಹೇಬ್ರ’ ಎಂದು ಕೈ ಚೆಲ್ಲಿದ. ಕಲ್ಯಾಣಕುಮಾರ ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಟೀ ಶರ್ಟು ಹಾಕಿಕೊಂಡು ಅಫಜಲಪುರಕ್ಕೆ ಹೋದ. ಹಿಂದಿನ ಸಾಲಿನಲ್ಲಿ ಕೂತು ಬಂದನೆಂದು ಆಮೇಲೆ ತಿಳಿಯಿತು. ಅತ್ತಿಗೆಯೊಂದಿಗೆ ಅವನು ಮಾತು ಬಿಟ್ಟ. ಅದರಿಂದ ಅವಳಿಗೆ ಯಾವ ನಷ್ಟವೂ ಆಗಲಿಲ್ಲ.

ಶಾಂತಕುಮಾರ ಕೂಗಾಡಲಿಲ್ಲ. ಶಾಲೆಯಿಂದ ಬಂದವನು ತನ್ನ ಪಾಲಿನ ರಾಶಿಯಿಂದ ಕಾಲರೊಂದನ್ನು ಎತ್ತಿ ನೋಡಿ ಮತ್ತೆ ಅಲ್ಲಿಯೇ ಇಟ್ಟ.

‘ತಪ್ಪಾತು. ಮಾಫ್ ಮಾಡು.’

‘ಮಾಫಿ ಕೇಳಾಕ ಬಾಯಿ ಇದ್ರ ಸಾಕು’ ಎಂದಳು. ‘ಸೂಜಿ ಅಲ್ಲೇ ಅದ.’

ಅವನು ಚಾಪೆಯ ಮೇಲೆ ಕೂತ. ದಾರ ಪೋಣಿಸಲು ಕಣ್ಣು ಕಿರಿದು ಮಾಡಿ ಒದ್ದಾಡಿದ. ಹೊಲಿದ ನಾಲ್ಕು ಹೊಲಿಗೆಯೂ ನಾಲ್ಕು ದಿಕ್ಕಿಗೆ ಹೋದವು. ಮರುದಿನ ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಟಾಗ ಮತ್ತೆ ಅದೇ ಅಂಗಿ ಹಿಡಿದು ಕೂತಿದ್ದ. ಬೆರಳಿಗೆ ಸೂಜಿ ಚುಚ್ಚಿ ಬಿಳಿ ಬಟ್ಟೆಯ ಮೇಲೆ ರಕ್ತದ ಚುಕ್ಕಿ ಬಿದ್ದಿತ್ತು.

‘ಇದು ಎಡಗೈದೋ ಬಲಗೈದೋ?’ ಎಂದು ತೋಳೊಂದನ್ನು ಎತ್ತಿ ತೋರಿಸಿದ.

ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಹೇಳಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಸಿಕೊಳ್ಳಬೇಕೆಂದು ಅವಳಿಗೆ ಅನಿಸಿಯೂ ಇರಲಿಲ್ಲ.

‘ನೀವೇ ಹುಡುಕ್ರಿ’ ಎಂದು ಚಪ್ಪಲಿ ಮೆಟ್ಟಿ, ಅಗೆದು ಬಿಟ್ಟ ಓಣಿಯ ಹೊಂಡಗಳನ್ನು ದಾಟುತ್ತ ಆಸ್ಪತ್ರೆಯ ಕಡೆ ನಡೆದಳು.