ಚಿಕ್ಕಮ್ಮನ ಸೋಮಾರಿ ಸ್ನಾಯು

ಚಿಕ್ಕಮ್ಮ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾದ ಮೇಲೂ ಮನೆಯಲ್ಲಿ ಯಾರಾದರೂ ಕಾಲು ಚಾಚಿ ಕೂತರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಪ್ಪನನ್ನು ಮಾತ್ರ ಏನೂ ಅನ್ನುವಂತಿರಲಿಲ್ಲ. ನರದ ಅಪ್ಪಣೆ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ ಅವರದು. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಬೆರಳುಗಳು ಸೋತುಹೋಗುತ್ತಿದ್ದವು.

ಚಿಕ್ಕಮ್ಮನ ಅಕ್ಕನ ಮಗಳು ಅದೇ ಕಾಯಿಲೆಯ ಸಂಶೋಧಕಿ. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರ ತೋಳಿನಿಂದಲೂ ಚೂರು ಚರ್ಮ ತೆಗೆದು, ಅದರ ಜೀವಕೋಶಗಳಿಂದ ನರವನ್ನೂ ಸ್ನಾಯುವನ್ನೂ ಬೆಳೆಸಿ ಪುಟ್ಟ ತಟ್ಟೆಗಳಲ್ಲಿ ಇಟ್ಟಿದ್ದಳು. ನರ ಹಬ್ಬಿ ಸ್ನಾಯುವನ್ನು ಮುಟ್ಟಬೇಕು, ಸ್ನಾಯು ಅದುರಬೇಕು. ಚಿಕ್ಕಪ್ಪನದು ಕಾಯಿಲೆಯ ಮಾದರಿ, ಚಿಕ್ಕಮ್ಮನದು ಆರೋಗ್ಯದ ಮಾದರಿ. ಆದರೆ ಆರೋಗ್ಯದ ಮಾದರಿ ಮಿಸುಕುತ್ತಲೇ ಇರಲಿಲ್ಲ.

"ಏನ್ ಮಾಡ್ತಿದೆಯೇ ನಂದು?" ಎಂದು ಚಿಕ್ಕಮ್ಮ ದಿನಾ ಫೋನು ಮಾಡುತ್ತಿದ್ದರು.

"ಸುಮ್ನೆ ಇದೆ ಚಿಕ್ಕಮ್ಮ."

"ಸುಮ್ನೆ? ನನ್ನ ಮೈಯಲ್ಲಿ ಸುಮ್ನೆ ಇರೋ ಮಾಂಸ ಯಾವುದೇ? ಬೇರೆ ಯಾರದ್ದೋ ತಟ್ಟೆ ನೋಡ್ತಿದ್ದೀಯ!"

ಕೊನೆಗೆ ಚಿಕ್ಕಪ್ಪನನ್ನೂ ಹೊರಡಿಸಿಕೊಂಡು ತಾವೇ ಪ್ರಯೋಗಾಲಯಕ್ಕೆ ಬಂದರು. ಸಂಶೋಧಕಿ ಇಬ್ಬರಿಗೂ ಬಿಳಿ ಕೋಟು, ಟೋಪಿ ತೊಡಿಸಿ ಒಳಗೆ ಬಿಟ್ಟಳು. ಸೂಕ್ಷ್ಮದರ್ಶಕದ ಪಕ್ಕದ ಪರದೆಯ ಮೇಲೆ ಬೂದು ಬಣ್ಣದ ಎಳೆಗಳು, ಅವುಗಳ ಮೇಲೆ ಬೇರಿನಂತೆ ಹಬ್ಬಿದ ನರ.

"ಇದಾ ನಾನು?"

"ಬಾಡಿದ ಹುಲ್ಲಿನ ಹಾಗಿದೆ," ಎಂದರು ಚಿಕ್ಕಪ್ಪ ಮೆಲ್ಲಗೆ. ಚಿಕ್ಕಮ್ಮ ದುರುಗುಟ್ಟಿ ನೋಡಿದರು.

ಸಂಶೋಧಕಿ ನರವನ್ನು ಕೆರಳಿಸುವ ದ್ರವದ ಹನಿ ಬಿಟ್ಟಳು. ಏನೂ ಇಲ್ಲ. ಚಿಕ್ಕಮ್ಮನ ತಾಳ್ಮೆಯ ಕಟ್ಟೆ ಒಡೆಯಿತು.

"ಏಳೇ ಸೋಮಾರಿ!"

ಸ್ನಾಯು ಅದುರಿತು. ಮತ್ತೆ ಮತ್ತೆ ಅದುರಿತು.

ಕೂಗಿಗೆ ಬೆಚ್ಚಿ ಪಕ್ಕದ ಕೋಣೆಯಿಂದ ಪ್ರಯೋಗಾಲಯದ ಮುಖ್ಯಸ್ಥರು ಓಡಿಬಂದರು. "ಏನು ಹಾಕಿದ್ರಿ ಇದಕ್ಕೆ?"

"ಬೈದೆ," ಎಂದರು ಚಿಕ್ಕಮ್ಮ.

ಮುಖ್ಯಸ್ಥರು ಪರದೆಯನ್ನೂ ಚಿಕ್ಕಮ್ಮನನ್ನೂ ನೋಡಿದರು. "ಇವರ ದನಿಗೆ ಮೇಜೇ ಅಲುಗಿರಬಹುದು. ನರದ ಸಂದೇಶ ತಡೆಯೋ ಔಷಧಿ ಹಾಕಿ ನೋಡಿ."

ಹಾಕಿದಳು. ಸ್ನಾಯು ನಿಂತುಹೋಯಿತು. ಅಂದರೆ ಆಡಿಸುತ್ತಿದ್ದದ್ದು ನರವೇ! ಸಂಶೋಧಕಿ ಕುಣಿದಾಡಿದಳು. ಚಿಕ್ಕಮ್ಮ ಕೆಂಡಾಮಂಡಲವಾದರು.

"ನಾನು ಹೇಗೋ ಎಬ್ಬಿಸಿದ್ರೆ, ಔಷಧಿ ಹಾಕಿ ಮಲಗಿಸಿ ಕುಣೀತೀಯಲ್ಲೇ!"

ಔಷಧಿ ತೊಳೆದು ಮತ್ತೆ ಹನಿ ಬಿಟ್ಟಾಗ, ಚಿಕ್ಕಮ್ಮ ಬಾಯಿಗೆ ಬೀಗ ಹಾಕಿ ನಿಂತಿದ್ದರೂ ಅದು ಅದುರಿತು. ಅವರಿಗೆ ತುಸು ಬೇಸರವೇ ಆಯಿತು.

ಆಮೇಲೆ ಚಿಕ್ಕಪ್ಪನ ತಟ್ಟೆ. ಹನಿ ಬಿದ್ದೊಡನೆ ಸ್ನಾಯು ಅದುರಿತು, ಇನ್ನೊಮ್ಮೆ ನಿಧಾನವಾಗಿ ಎಳೆದುಕೊಂಡಿತು, ಸುಸ್ತಾಗಿ ನಿಂತಿತು.

"ನನ್ನ ಬೆರಳೂ ಥೇಟ್ ಹೀಗೇ," ಎಂದರು ಚಿಕ್ಕಪ್ಪ.

"ಇದೇ ನಮಗೆ ಬೇಕಾಗಿದ್ದದ್ದು ಚಿಕ್ಕಪ್ಪ. ನಿಮ್ಮ ಕಾಯಿಲೆ ತಟ್ಟೆಯಲ್ಲೇ ಸಿಕ್ತಲ್ಲ, ಇನ್ನು ಹೊಸ ಔಷಧಿಗಳನ್ನ ಮೊದಲು ಇದರ ಮೇಲೆ ಹಾಕಿ ನೋಡಬಹುದು."

"ಒಳ್ಳೇದಾಯ್ತು. ಕಹಿ ಇದ್ದದ್ದೆಲ್ಲ ಅದೇ ಕುಡೀಲಿ."

ಎಲ್ಲರೂ ನಕ್ಕರು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ, ಶಾಲೆಯಲ್ಲಿ ಯಾವ ಮಗುವೂ ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ, "ಸುಧಾರಿಸಿಕೊಳ್ಳಿ, ಅವಸರ ಏನಿಲ್ಲ," ಎಂದರು.