ಅಲುಗದ ಕೈ

ರಿಪೇರಿಯವನ ಕೈಗೆ ಬಗ್ಗದ ಯಂತ್ರ ಆ ಸುತ್ತಿನಲ್ಲಿ ಇರಲಿಲ್ಲ. ನೀರೆತ್ತುವ ಪಂಪು, ಹಾಲು ಕರೆಯುವ ಮೋಟಾರು, ಶಾಲೆಯ ಗಂಟೆ, ಈಗೀಗ ಕಂಪ್ಯೂಟರು, ಯಾವುದು ಕೆಟ್ಟರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಬಂದ ಕೂಡಲೇ ಯಂತ್ರಕ್ಕೆ ಕೈ ಹಾಕುವವನಲ್ಲ ಅವನು. ಮೊದಲು ಒಂದು ಕಡೆ ಕೂತು, ಅದನ್ನು ಬಳಸುವವರು ಹೇಗೆ ಬಳಸುತ್ತಾರೆಂದು ನೋಡುತ್ತಿದ್ದ. ಯಂತ್ರ ತಾನಾಗಿ ಕೆಡುವುದು ಕಡಿಮೆ, ಯಜಮಾನನ ಗುಣ ಅಂಟಿ ಕೆಡುವುದೇ ಹೆಚ್ಚು ಎಂದು ಅವನ ಲೆಕ್ಕ.

ವಿಮಾನದ ಶೆಡ್ಡಿನಿಂದ ಕರೆ ಬಂದಾಗ ಮಾತ್ರ ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೈಲಟ್‌ನ ಹೆಂಡತಿಯೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಳು.

"ಅಣ್ಣಾ, ಕಾಲಿಗೆ ಬಿದ್ದೆ ಅಂದ್ಕೊಳ್ಳಿ. ನಾಳೆ ಡಾಕ್ಟರಮ್ಮ ಬರ್ತಾರೆ. ಕಂಪ್ಯೂಟರಿಗೆ ಆ ಕೋಲು ಒಮ್ಮೆ ಕಾಣತ್ತೆ, ಒಮ್ಮೆ ಕಾಣಲ್ಲ. ಇವರು ನಾಳೆ ಹಾರಿಸಿ ತೋರಿಸದಿದ್ರೆ ಇನ್ಯಾವತ್ತೂ ಇಲ್ಲ."

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಪೈಲಟ್ ಬೆಳೆಗಾರರ ಸಂಘದ ಪುಟ್ಟ ವಿಮಾನದಲ್ಲಿ ಹೊಲಗಳಿಗೆ ಔಷಧಿ ಸಿಂಪಡಿಸುತ್ತಿದ್ದವನು. ಇಪ್ಪತ್ತೆರಡು ವರ್ಷ, ತೆನೆಯ ತುದಿ ಸವರುವಷ್ಟು ಕೆಳಗೆ, ದಾರ ಹಿಡಿದು ಗೆರೆ ಎಳೆದಂತೆ ಹಾರಿದವನು. ಊರಿನವರು ಅವನನ್ನು ಗಿಡುಗ ಎನ್ನುತ್ತಿದ್ದರು. ಹೋದ ಸುಗ್ಗಿಯಲ್ಲಿ ಇಳಿಯುವಾಗ ಚಕ್ರ ಮುರಿದು ಬಲಗೈ ಜಜ್ಜಿಹೋಯಿತು. ಮೂಳೆ ಕೂಡಿತು, ಬಲವೂ ಬಂತು. ಆದರೆ ಬೆರಳುಗಳಿಗೆ ಸ್ಪರ್ಶ ಪೂರ್ತಿ ಬರಲಿಲ್ಲ. ಹಿಡಿದದ್ದು ಕಣ್ಣಿಗೆ ಕಂಡರೆ ಹಿಡಿದೆ ಎಂದು ತಿಳಿಯುವುದು, ಅಷ್ಟೇ. ನಿಜವಾದ ವಿಮಾನ ಹತ್ತುವ ಮೊದಲು ಶೆಡ್ಡಿನ ಸಿಮ್ಯುಲೇಟರಿನಲ್ಲಿ ಹಾರಿಸಿ ತೋರಿಸಬೇಕು, ಕಂಪ್ಯೂಟರಿನ ಹೊಲದ ಮೇಲೆ ನೇರವಾದ ಮೂರು ಸಾಲು, ಎರಡು ಕೆಟ್ಟರೆ ಪರವಾನಗಿ ರದ್ದು ಎಂದು ಡಾಕ್ಟರಮ್ಮ ಹೇಳಿದ್ದಳು.

ರಿಪೇರಿಯವನು ಸ್ಕ್ರೂಡ್ರೈವರಿನ ಚೀಲ ಹೆಗಲಿಗೆ ಹಾಕಿಕೊಂಡು ಸೈಕಲ್ ಹತ್ತಿದ.

ಶೆಡ್ಡಿನ ಬಾಗಿಲಲ್ಲೇ ಆ ವಾಸನೆ ಮೂಗಿಗೆ ಹೊಡೆಯಿತು. ಔಷಧಿಯ ವಾಸನೆ, ಸಿಹಿ ಕೊಳೆತಂತೆ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಇದೇ ವಾಸನೆ ಅವನ ಅಂಗಳದಲ್ಲಿತ್ತು. ಆಗ ಅವನ ಹಿತ್ತಿಲ ಬೇಲಿಗುಂಟ ಮೂವತ್ತೆಂಟು ಜೇನುಪೆಟ್ಟಿಗೆಗಳಿದ್ದವು. ಸಂಘದಲ್ಲಿ ಒಂದು ಕಟ್ಟಳೆಯಿತ್ತು. ಔಷಧಿ ಹೊಡೆಯುವ ಹಿಂದಿನ ಸಂಜೆ ಜೇನು ಸಾಕಿದವರಿಗೆ ಹೇಳಿ ಕಳಿಸಬೇಕು; ಅವರು ಹುಳ ಗೂಡಿಗೆ ಸೇರಿದ ಮೇಲೆ, ಮರುದಿನ ಅವು ಹೊರಗೆ ಬರದಂತೆ ಪೆಟ್ಟಿಗೆಗಳಿಗೆ ಒದ್ದೆ ಗೋಣಿ ಹೊದಿಸುತ್ತಾರೆ. ಆ ಸಂಜೆ ಯಾರೂ ಬರಲಿಲ್ಲ. ಮರುದಿನ ಹೂಬಿಟ್ಟ ಹೊಲದ ಮೇಲೆ ಗಿಡುಗ ಹಾರಿದ. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಜೇನುಹುಳುಗಳು ಬೆನ್ನ ಮೇಲೆ ಬಿದ್ದು ಗಿರಗಿರ ತಿರುಗುತ್ತಿದ್ದವು. ರಿಪೇರಿಯವನ ಹೆಂಡತಿ ಅವನ್ನು ಮೊರದಲ್ಲಿ ಬಾಚಿ ಬಾಚಿ ಗುಂಡಿಗೆ ಸುರಿದಳು. ಹನ್ನೊಂದು ಮೊರ. ಅವಳು ಎಣಿಸಿರಲಿಲ್ಲ, ಅವನು ಎಣಿಸಿದ್ದ.

"ಬಾರಪ್ಪಾ, ಬಾ" ಎಂದ ಪೈಲಟ್. ಕುರ್ಚಿಯಿಂದ ಏಳಲಿಲ್ಲ. "ಈ ದರಿದ್ರದ್ದಕ್ಕೆ ನನ್ನ ಗುರುತೇ ಸಿಗ್ತಿಲ್ಲ ನೋಡು. ಹೊಸ ಸೊಸೆ ಹಾಗೆ ಮುಖ ತಿರುಗಿಸ್ಕೊಳ್ಳತ್ತೆ."

ರಿಪೇರಿಯವನ ಗುರುತು ಅವನಿಗೂ ಸಿಕ್ಕಿರಲಿಲ್ಲ.

ಕೋಲು ಎಂದರೆ ಜಾಯ್‌ಸ್ಟಿಕ್, ಮೇಜಿಗೆ ಬಿಗಿದ ಕರಿಯ ಹಿಡಿ. ರಿಪೇರಿಯವನು ಅದರ ವೈರನ್ನು ಒಂದೊಂದೇ ತೂತಿಗೆ ಬದಲಿಸಿ ನೋಡಿದ. ಬೇರೆ ವೈರು ಹಾಕಿದ. ಕಂಪ್ಯೂಟರಿಗೆ ಕೋಲಿನ ಪರಿಚಯ ಮಾಡಿಸುವ ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದ. ಪಟ್ಟಿಯಲ್ಲಿ ಕೋಲಿನ ಹೆಸರು ಬಂತು. ಅವನು ಹಿಡಿದು ಆಡಿಸಿದ. ಪರದೆಯ ಮೇಲಿನ ವಿಮಾನ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮೇಲೇರಿತು. ಅರ್ಧ ಗಂಟೆ ಆಡಿಸಿದರೂ ಕಾಯಿಲೆ ಕಾಣಲಿಲ್ಲ.

"ಸರಿ ಇದೆಯಲ್ಲ" ಎಂದ.

"ನೀನು ಹಿಡಿದ್ರೆ ಸರಿ, ನಾನು ಹಿಡಿದ್ರೆ ಕೆಡತ್ತೆ. ಮಾಟ ಮಾಡಿಸಿದ್ದಾರೆ ಯಾರೋ" ಎಂದು ಪೈಲಟ್ ನಕ್ಕ. ಹೆಂಡತಿ ನಗಲಿಲ್ಲ. ಕಂಬಕ್ಕೆ ಒರಗಿ ಸೆರಗಿನ ತುದಿ ಸುತ್ತುತ್ತಿದ್ದಳು.

"ನೀವು ಹಾರಿಸಿ. ನಾನು ನೋಡ್ತೀನಿ."

ಪೈಲಟ್ ಕೋಲು ಹಿಡಿದ. ಹೊಲದ ಅಂಚಿಗೆ ತಂದ, ಇಳಿಸಿದ, ಸಾಲು ಹಿಡಿದ. ರಿಪೇರಿಯವನು ಪರದೆ ನೋಡದೆ ಅವನ ಕೈಯನ್ನು ನೋಡಿದ. ಅಂಥ ಕೈಯನ್ನು ಅವನು ಕಂಡಿರಲಿಲ್ಲ. ಹಕ್ಕಿಯ ಮೊಟ್ಟೆ ಹಿಡಿದ ಹಾಗೆ ಹಿಡಿದಿದ್ದ. ಒಂದು ಕೂದಲಿನಷ್ಟೂ ಅಲುಗಲಿಲ್ಲ. ವಿಮಾನ ತಾನೇ ಹಳಿಯ ಮೇಲೆ ಕೂತ ಹಾಗೆ ಸಾಗಿತು. ಅರ್ಧ ನಿಮಿಷ. ಮುಕ್ಕಾಲು ನಿಮಿಷ. ಸಾಲಿನ ಕೊನೆ ಬಂತು. ಪೈಲಟ್ ಕೋಲನ್ನು ಹಿಂದಕ್ಕೆ ಎಳೆದ. ವಿಮಾನಕ್ಕೆ ಸುದ್ದಿಯೇ ಇಲ್ಲ. ಅದು ಮರಗಳೊಳಕ್ಕೆ ನುಗ್ಗಿ ಪರದೆ ಕೆಂಪಾಯಿತು.

"ನೋಡಿದ್ಯಾ!"

ರಿಪೇರಿಯವನಿಗೆ ಆಗಲೇ ಹೊಳೆದಿತ್ತು. ಸೆಟ್ಟಿಂಗಿನ ಒಳಗೆ ಹೋಗಿ, ಅದರೊಳಗಿನ ಇನ್ನೊಂದರ ಒಳಗೆ ಹೋಗಿ, ಒಂದು ಪುಟ್ಟ ಚೌಕದ ಮುಂದೆ ನಿಂತ. ಬಳಸದ ಸಾಧನವನ್ನು ವಿದ್ಯುತ್ ಉಳಿಸಲು ಮಲಗಿಸಬಹುದು ಎಂದು ಅಲ್ಲಿ ಬರೆದಿತ್ತು, ಚೌಕದಲ್ಲಿ ಟಿಕ್ಕು ಬಿದ್ದಿತ್ತು. ಕೋಲು ಸ್ವಲ್ಪ ಹೊತ್ತು ಅಲುಗದೇ ಇದ್ದರೆ ಕಂಪ್ಯೂಟರು ಇಲ್ಲಿ ಯಾರೂ ಇಲ್ಲ ಎಂದುಕೊಂಡು ಅದನ್ನು ಮಲಗಿಸುತ್ತಿತ್ತು. ಒಮ್ಮೆ ಮಲಗಿದರೆ ವೈರು ಕಿತ್ತು ಮತ್ತೆ ಚುಚ್ಚುವವರೆಗೂ ಸಿಮ್ಯುಲೇಟರಿಗೆ ಅದು ಸತ್ತ ಹಾಗೆ. ಕೈ ನಡುಗುವವರಿಗೆ, ಹೊಸಬರಿಗೆ, ಮಕ್ಕಳಿಗೆ ಈ ತೊಂದರೆ ಬರುವುದೇ ಇಲ್ಲ.

ಅವನು ಟಿಕ್ಕು ತೆಗೆದು, ವೈರು ಕಿತ್ತು ಮತ್ತೆ ಚುಚ್ಚಿದ. "ಈಗ ಹಾರಿಸಿ."

ಪೈಲಟ್ ಹಾರಿಸಿದ. ಒಂದು ಸಾಲು, ಎರಡು, ಆರು. ಪ್ರತಿ ಸಲವೂ ಕೊನೆಯಲ್ಲಿ ವಿಮಾನ ಮೂಗೆತ್ತಿ ಮರಗಳ ತಲೆ ದಾಟಿತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಬರುವಾಗ ಚಹಾ ತಂದಳು.

"ಎಷ್ಟು ಒಳ್ಳೆಯವರು ನೋಡಿ" ಎಂದಳು ಗಂಡನಿಗೆ. "ಇವರದೇ ಅಲ್ವಾ ಬೇಲಿ ಹತ್ರ ಜೇನುಪೆಟ್ಟಿಗೆ ಇದ್ದಿದ್ದು? ಆದ್ರೂ ಬಂದ್ರು."

ಪೈಲಟ್ ಲೋಟ ಕೆಳಗಿಟ್ಟು ನೋಡಿದ. ಈಗ ಗುರುತು ಸಿಕ್ಕಿತು.

"ಓಹೋ! ನೊಣದ ಮೇಷ್ಟ್ರು! ಸಂಘದ ಸಭೆಯಲ್ಲಿ ಒಂದು ಡಬ್ಬಿ ಸತ್ತ ಹುಳ ತಂದು ಮೇಜಿನ ಮೇಲೆ ಸುರಿದೋನು ನೀನೇ ಅಲ್ವಾ? ಅಧ್ಯಕ್ಷರ ಚಹಾಕ್ಕೆ ಎರಡು ಬಿದ್ದಿತ್ತು." ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದು ವಾರ ಅದೇ ತಮಾಷೆ ಈ ಶೆಡ್ಡಲ್ಲಿ."

"ಹಿಂದಿನ ಸಂಜೆ ಹೇಳಿ ಕಳಿಸಿದ್ರೆ ಸಾಕಿತ್ತು" ಎಂದ ರಿಪೇರಿಯವನು. ನಾಲ್ಕು ವರ್ಷದಿಂದ ಬಾಯಲ್ಲೇ ಇದ್ದ ಮಾತು. ಹೊರಬಂದಾಗ ಸಣ್ಣದಾಗಿತ್ತು.

"ಅಯ್ಯೋ, ಗಾಳಿ ಸರಿ ಸಿಕ್ಕಿತ್ತು ಮಾರಾಯಾ. ಗಾಳಿ ನೋಡ್ಲಾ, ನೊಣಕ್ಕೆ ಕಾಗದ ಬರೀಲಾ? ಹುಳ ಅಲ್ವಾ, ಮತ್ತೆ ಹುಟ್ಟತ್ತೆ."

"ರೀ" ಎಂದಳು ಹೆಂಡತಿ.

ರಿಪೇರಿಯವನು ಚಹಾ ಮುಗಿಸಿದ. ಲೋಟವನ್ನು ಅವಳ ಕೈಗೆ ಕೊಟ್ಟ. "ಕೊನೇದಾಗಿ ಒಂದ್ಸಲ ನೋಡಿಬಿಡ್ತೀನಿ" ಎಂದು ಕಂಪ್ಯೂಟರಿನ ಮುಂದೆ ಕೂತ. ಪೈಲಟ್ ಕಿಟಕಿಯ ಹತ್ತಿರ ನಿಂತು, ಬಯಲಲ್ಲಿ ಹೊದಿಕೆ ಹೊದ್ದು ನಿಂತ ತನ್ನ ವಿಮಾನವನ್ನು ನೋಡುತ್ತಿದ್ದ. ಸೆಟ್ಟಿಂಗಿನ ಒಳಗೆ, ಅದರೊಳಗಿನ ಇನ್ನೊಂದರ ಒಳಗೆ. ರಿಪೇರಿಯವನು ಟಿಕ್ಕನ್ನು ಮತ್ತೆ ಹಾಕಿದ.

ಸಂಜೆ ಅವನ ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಮಡಚುತ್ತಾ ಕೇಳಿದಳು. "ಸರಿ ಆಯ್ತಾ ಅವರದು?"

"ಆಯ್ತು."

"ಒಳ್ಳೇದಾಯ್ತು ಬಿಡಿ. ಹಾರೋದು ಬಿಟ್ರೆ ಆ ಮನುಷ್ಯನಿಗೆ ಇನ್ನೇನು ಬರತ್ತೆ?"

ಬೇಲಿಗುಂಟ ಖಾಲಿ ಪೆಟ್ಟಿಗೆಗಳು ಇನ್ನೂ ಇದ್ದವು. ಅವನು ಅಲ್ಲೇ ಕಲ್ಲಿನ ಮೇಲೆ ಕೂತ. ಇನ್ನೂ ಬೆಳಕಿತ್ತು. ಸೈಕಲ್ ಹತ್ತಿದರೆ ಹತ್ತು ನಿಮಿಷದ ದಾರಿ, ಒಂದು ಮಾತು ಹೇಳಿ ಬರಬಹುದಿತ್ತು. ಬೆಳಕು ಹೋಗುವವರೆಗೂ ಕೂತಿದ್ದು, ಆಮೇಲೆ ಎದ್ದು ಕೈಕಾಲು ತೊಳೆಯಲು ಹೋದ.

ಮರುದಿನ ಡಾಕ್ಟರಮ್ಮ ಹತ್ತು ಗಂಟೆಗೆ ಸರಿಯಾಗಿ ಬಂದಳು. ವಯಸ್ಸಾದ, ಒಣಕಲು ಹೆಂಗಸು. ಕುರ್ಚಿ ಎಳೆದುಕೊಂಡು ಪೈಲಟ್‌ನ ಬಲಗಡೆಗೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡಳು. ಏನಾದರೂ ಬೇಕಾದೀತು ಎಂದು ಪೈಲಟ್‌ನ ಹೆಂಡತಿ ರಿಪೇರಿಯವನನ್ನೂ ಬರಹೇಳಿದ್ದಳು. ಅವನು ಗೋಡೆಗೆ ಒರಗಿ ನಿಂತಿದ್ದ.

"ಶುರು ಮಾಡಿ" ಎಂದಳು ಡಾಕ್ಟರಮ್ಮ.

ಪೈಲಟ್ ಇಸ್ತ್ರಿ ಅಂಗಿ ಹಾಕಿದ್ದ, ಗಡ್ಡ ಬೋಳಿಸಿದ್ದ. ಸಾಲು ಹಿಡಿದ. ಆ ದಿನ ಅವನ ಕೈ ಹಿಂದಿನ ದಿನಕ್ಕಿಂತಲೂ ನಿಶ್ಚಲವಾಗಿತ್ತು. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ಆ ಕೈಯನ್ನೇ ನೋಡಿದಳು. ಸಾಲು ಮುಗಿಯಿತು. ಅವನು ಎಳೆದ. ವಿಮಾನ ಮರಗಳಿಗೆ ಹೊಡೆಯಿತು.

"ಕೋಲು!" ಎಂದ ಪೈಲಟ್. "ಕೋಲು ಸತ್ತಿದೆ, ನಾನು ಎಳೆದೆ. ಏ, ಬಾರಪ್ಪಾ ಇಲ್ಲಿ!"

ಡಾಕ್ಟರಮ್ಮ ತಿರುಗಿದಳು. "ಏನಪ್ಪಾ, ಹೌದಾ?"

ಶೆಡ್ಡಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ರಿಪೇರಿಯವನು ಮುಂದೆ ಬಂದ. "ವೈರು ಸಡಿಲ ಆಗಿದ್ಯಾ ನೋಡ್ತೀನಿ" ಎಂದು ಕಿತ್ತು ಮತ್ತೆ ಚುಚ್ಚಿದ. ಕೋಲು ಹಿಡಿದು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಆಡಿಸಿದ. ವಿಮಾನ ಹೇಳಿದ ಹಾಗೆ ಕೇಳಿತು.

"ಕೋಲು ಸರಿ ಇದೆ, ಡಾಕ್ಟರಮ್ಮ. ನಿನ್ನೆ ಪೂರ್ತಿ ನೋಡಿದ್ದೀನಿ."

"ನಿನ್ನ ಕೈಗೆ ಬಗ್ಗತ್ತೆ" ಎಂದು ಅವಳು ಏನೋ ಬರೆದಳು. "ಎರಡನೇ ಸಾಲು."

ಈ ಸಲ ಪೈಲಟ್ ಕೋಲನ್ನು ಇನ್ನೂ ಎಚ್ಚರದಿಂದ ಹಿಡಿದ. ಎಚ್ಚರ ಹೆಚ್ಚಾದಷ್ಟೂ ಕೈ ಕಲ್ಲಾಯಿತು. ಬಾಗಿಲಲ್ಲಿ ನಿಂತ ಹೆಂಡತಿಯ ತುಟಿ ಅಲ್ಲಾಡುತ್ತಿತ್ತು. ಕೈ ನಡುಗಲಿ, ಒಂದೇ ಒಂದು ಸಲ ನಡುಗಲಿ, ಆಮೇಲೆ ಅವನ ಹಣೆಬರಹ ಎಂದುಕೊಂಡ ರಿಪೇರಿಯವನು. ಕೈ ನಡುಗಲಿಲ್ಲ. ಪರದೆ ಕೆಂಪಾಯಿತು.

ಪೈಲಟ್ ಕೋಲನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದ. ಆಮೇಲೆ ಬಿಟ್ಟ. ಬಲಗೈಯನ್ನು ಮುಖದ ಹತ್ತಿರ ತಂದು ಮಡಚಿ, ಬಿಡಿಸಿ ನೋಡಿದ.

"ನಾನು ಎಳೆದೆ" ಎಂದ. ಆಮೇಲೆ, ಯಾರನ್ನೋ ಕೇಳುವವನ ಹಾಗೆ, "ಎಳೆದೆ ಅಲ್ವಾ?"

"ಎಳೆದ್ರಿ ಅಂತ ನಿಮಗೆ ಅನ್ನಿಸತ್ತೆ" ಎಂದಳು ಡಾಕ್ಟರಮ್ಮ. ಅವಳ ದನಿಯಲ್ಲಿ ಕೆಟ್ಟತನ ಇರಲಿಲ್ಲ. "ಸ್ಪರ್ಶ ಇಲ್ಲದ ಕೈ ಹಾಗೇ. ಮನಸ್ಸು ಎಳೆಯತ್ತೆ, ಕೈ ಪೂರ್ತಿ ಬರಲ್ಲ. ಇಲ್ಲಿ ಆಗಿದ್ದು ಒಳ್ಳೇದಾಯ್ತು. ಮೇಲೆ ಆಗಿದ್ರೆ?"

ಪರವಾನಗಿ ರದ್ದಿನ ಕಾಗದಕ್ಕೆ ಸಹಿ ಹಾಕಿ ಮೇಜಿನ ಮೇಲಿಟ್ಟಳು. ಅವಳನ್ನು ಕಾರಿನವರೆಗೆ ಕಳಿಸಿ ಬರಲು ಗಂಡಹೆಂಡಿರು ಹೊರಗೆ ಹೋದರು. ಶೆಡ್ಡಿನಲ್ಲಿ ರಿಪೇರಿಯವನು ಒಬ್ಬನೇ ಉಳಿದ. ಕುರ್ಚಿ ಇನ್ನೂ ಬೆಚ್ಚಗಿತ್ತು. ಅವನು ಸೆಟ್ಟಿಂಗಿಗೆ ಹೋಗಿ ಟಿಕ್ಕು ತೆಗೆದ. ಮುಂದೆ ಬರುವವನಿಗೆ ತೊಂದರೆ ಆಗಬಾರದು. ಕೆಟ್ಟ ಯಂತ್ರವನ್ನು ಹಾಗೆಯೇ ಬಿಟ್ಟು ಹೋದ ಹೆಸರು ಅವನಿಗೆ ಇರಲಿಲ್ಲ.

ಪೈಲಟ್ ಒಳಗೆ ಬಂದು ಮೇಜಿನ ಅಂಚಿಗೆ ಕೂತ.

"ಕೋಲು ಸರಿ ಇತ್ತು ಅಲ್ವಾ? ಸುಳ್ಳು ಹೇಳಬೇಡ."

"ಸರಿ ಇತ್ತು."

"ಹಾಗಾದ್ರೆ ಕೈಯೇ." ಅವನು ತಲೆಯಾಡಿಸಿದ. ಎಡಗೈಯಿಂದಲೇ ಸ್ಕ್ರೂ ಬಿಚ್ಚಿ ಕೋಲನ್ನು ಮೇಜಿನಿಂದ ಬಿಡಿಸಿ ಅವನ ಮುಂದೆ ಹಿಡಿದ. "ಇದು ಸಂಘದ್ದಲ್ಲ, ನನ್ನದೇ. ತಗೊಂಡು ಹೋಗು. ಕಣ್ಣೆದುರು ಇರೋದು ಬೇಡ. ಬಿಡಿಭಾಗಕ್ಕಾದ್ರೂ ಬರತ್ತೆ ನಿನಗೆ."

ರಿಪೇರಿಯವನು ಕೈ ಚಾಚಲಿಲ್ಲ. ಪೈಲಟ್ ಅದನ್ನು ಅವನ ಚೀಲದೊಳಗೆ ತಾನೇ ತುರುಕಿದ.

"ಇನ್ನೊಂದು ಮಾತು. ನಿನ್ನೆ ನಕ್ಕುಬಿಟ್ಟೆ. ರಾತ್ರಿ ಇವಳು ಸರಿಯಾಗಿ ಉಗಿದಳು. ಸುಗ್ಗಿಗೆ ಹೊಸ ಪೈಲಟ್ ಬರ್ತಾನಲ್ಲ, ಅವನಿಗೆ ನಾನೇ ಹೇಳ್ತೀನಿ. ಹಿಂದಿನ ಸಂಜೆ ನಿಮ್ಮನೆಗೆ ತಪ್ಪದೇ ಹೇಳಿ ಕಳಿಸು ಅಂತ. ಅವನು ಮರೆತ್ರೆ ನಾನೇ ನಡ್ಕೊಂಡು ಬಂದು ಹೇಳ್ತೀನಿ. ಇನ್ನೇನು ಕೆಲಸ ನನಗೆ?"

"ಈಗ ಹುಳ ಇಲ್ಲ" ಎಂದ ರಿಪೇರಿಯವನು.

"ಸಾಕ್ಕೋ ಮತ್ತೆ."

ಸೈಕಲ್ ತುಳಿಯುತ್ತಾ ರಿಪೇರಿಯವನು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಚೀಲದಲ್ಲಿ ಕೋಲು ಸ್ಪ್ಯಾನರುಗಳಿಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಮನೆಯಲ್ಲಿ ಹೆಂಡತಿ ಬಾಗಿಲಿಗೇ ಬಂದಳು.

"ಏನಾಯ್ತು? ಪಾಸಾ?"

"ಇಲ್ಲ. ಕೈ ಬರಲಿಲ್ಲ ಅವನಿಗೆ."

"ಅಯ್ಯೋ ಪಾಪ" ಎಂದಳು ಅವಳು. ನಿಜವಾಗಿಯೂ ಮರುಗಿದಳು.

ಅವನು ಹಿತ್ತಿಲಿಗೆ ಹೋಗಿ, ಬೇಲಿಯ ಕೊನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದ. ಒಳಗೆ ಒಣಗಿ ಕಪ್ಪಾದ ಮೇಣ, ಇರುವೆಗಳು. ಕೋಲನ್ನು ಅದರೊಳಗೆ ಇಟ್ಟು ಮುಚ್ಚಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ, ಹಿಡಿ ತಡೆಯುತ್ತಿತ್ತು. ಮೇಲೊಂದು ಕಲ್ಲು ಹೇರಿ ಬಂದ.